ಇನ್ನೂರು ಎಂದು ತೋರಿಸಿದ ಕಾರು

ನನಗೆ ಯಾರೂ ಮೋಸ ಮಾಡಲಾರರು ಎಂದು ಎಪ್ಪತ್ತು ವರ್ಷ ನಂಬಿಕೊಂಡಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಸೊಪ್ಪಿನ ಕಟ್ಟು ಬಿಚ್ಚಿ ನೋಡದೆ ಕೊಂಡವಳಲ್ಲ. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ ನಾನು ಹಿಂದೆ ಹೋಗಿ ಅವರ ಮನೆಯ ಬಚ್ಚಲು ನೋಡಿಕೊಂಡು ಬಂದೆ. ಬಚ್ಚಲು ಚೊಕ್ಕವಾಗಿತ್ತು, ಒಪ್ಪಿದೆ. ಆ ಹುಡುಗಿಯೇ ಶೋಭಾ, ಈಗ ನಂಜನಗೂಡಿನ ಸ್ಕೂಲಿನಲ್ಲಿ ಟೀಚರು. ಇಂಥ ನಾನು ಹೋದ ವರ್ಷ ಒಂದು ಹಳೇ ಕರೆಂಟು ಕಾರು ಕೊಳ್ಳುವಾಗ ಮಂಕಾಗಿ ಕೂತೆ. ಮಾರಿದವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಮಾಡಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ಮೋಸ. ಅದನ್ನೇ ನಾನು ಒಂದು ಕಾಲದಲ್ಲಿ ಮಾಡಿದ್ದೆ. ಯಾರಿಗೆ ಮಾಡಿದ್ದೆ ಎಂಬುದೇ ಈ ಕಥೆಯ ಕೆಟ್ಟ ಭಾಗ.

ಕಾರು ಬೇಕಾಗಿದ್ದು ನಮ್ಮಕ್ಕನನ್ನು ನೋಡುವುದಕ್ಕೆ. ಅಕ್ಕ ಗೌರಮ್ಮನನ್ನು ಟಿ. ನರಸೀಪುರಕ್ಕೆ ಕೊಟ್ಟಿದ್ದರು. ಲಿವರು ಕೆಟ್ಟು, ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಹಾಗೆಂದರೆ ಏನು ಎಂದು ನಾಲ್ಕನೇ ಕ್ಲಾಸಿನವಳಿಗೂ ತಿಳಿಯುತ್ತದೆ. ನಾವಿರುವುದು ಬದನವಾಳಿನಲ್ಲಿ. ಅಲ್ಲಿಂದ ಎರಡು ಬಸ್ಸು ಹಿಡಿಯಬೇಕು, ನನ್ನ ಮಂಡಿಗೆ ಬಸ್ಸಿನ ಮೆಟ್ಟಿಲು ಬೆಟ್ಟವಾಗಿದೆ. ಮಗ ಡೈರಿಯಲ್ಲಿ ಹಾಲು ಅಳೆಯುವವನು, ಅವನಿಗೆ ಭಾನುವಾರವೂ ಇಲ್ಲ. ಶೋಭಾಳೇ ಹೇಳಿದಳು: "ಅತ್ತೆ, ನನಗೂ ಸ್ಕೂಲಿಗೆ ಒಂದು ಗಾಡಿ ಬೇಕು. ಸೆಕೆಂಡ್ ಹ್ಯಾಂಡಲ್ಲಿ ಎಲೆಕ್ಟ್ರಿಕ್ ನೋಡೋಣ. ಭಾನುವಾರ ದೊಡ್ಡಮ್ಮನ ಹತ್ರ ನಾನೇ ಕರ್ಕೊಂಡು ಹೋಗ್ತೀನಿ." ನಾನು ಹೂಂ ಎಂದೆ. ಅಕ್ಕ ಕಣ್ಣು ಮುಚ್ಚುವ ಮೊದಲು ಅವಳಿಗೆ ಒಂದು ಮಾತು ಹೇಳುವುದಿತ್ತು. ಅದಕ್ಕೆ ಹತ್ತು ನಿಮಿಷ ಸಾಕು ಎಂದುಕೊಂಡಿದ್ದೆ.

ನಮ್ಮ ಕಡೆ ಹಸು ಕೊಳ್ಳುವವರು ಎರಡು ಹೊತ್ತಿನ ಹಾಲು ನೋಡುತ್ತಾರೆ. ಸಂಜೆ ಕಣ್ಣೆದುರಿಗೆ ಕರೆಸಿ, ಬೆಳಗ್ಗೆ ಮತ್ತೊಮ್ಮೆ ಕರೆಸಿ, ಆಮೇಲೆ ಹಗ್ಗ ಹಿಡಿಯುತ್ತಾರೆ. ಒಂದೇ ಹೊತ್ತು ನೋಡಿದರೆ, ಮಾರುವವರು ಹಿಂದಿನ ಹೊತ್ತಿನ ಹಾಲನ್ನು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ನಿಲ್ಲಿಸಿರಬಹುದು. ಕಾರಿಗೂ ಇದೇ ಸರಿ ಎಂದು ನನ್ನ ಬುದ್ಧಿಗೆ ಹೊಳೆಯಿತು. ನಂಜನಗೂಡಿನವನೊಬ್ಬ ಬಿಳೀ ಕಾರು ತಂದು ಮನೆ ಮುಂದೆ ನಿಲ್ಲಿಸಿದ.

"ಎಷ್ಟು ದೂರ ಓಡ್ತದಪ್ಪ?" ಎಂದೆ.

"ಒಂದ್ಸಲ ಚಾರ್ಜ್ ಮಾಡಿದ್ರೆ ಇನ್ನೂರು ಕಿಲೋಮೀಟರ್ ಅಜ್ಜಿ. ಕಣ್ಮುಚ್ಕೊಂಡು ಇನ್ನೂರು."

"ಕಣ್ ಮುಚ್ಕೊಂಡು ಓಡ್ಸೋರು ನಮ್ಮನೇಲಿ ಇಲ್ಲ. ಎಷ್ಟನೇ ಸೂಲು?"

ಹಸು ಎಷ್ಟು ಕರು ಹಾಕಿದೆ ಎಂದು ಕೇಳುವ ಮಾತು ಅದು. ಅವನು ಶೋಭಾಳ ಮುಖ ನೋಡಿದ. "ಎಷ್ಟು ಜನರ ಕೈ ದಾಟಿದೆ ಅಂತ ಕೇಳ್ತಿದಾರೆ" ಎಂದಳು ಅವಳು, ನೆಲ ನೋಡುತ್ತಾ.

"ನಾನು ಎರಡನೇ ಓನರು ಅಜ್ಜಿ. ಮೊದಲು ಒಬ್ರು ಡಾಕ್ಟ್ರು ಇಟ್ಕೊಂಡಿದ್ರು. ಮನೆಯಿಂದ ಆಸ್ಪತ್ರೆಗೆ ಬಿಟ್ರೆ ಎಲ್ಲಿಗೂ ತೆಗೀತಿರಲಿಲ್ಲ."

ಹಳೇ ಕಾರುಗಳನ್ನೆಲ್ಲ ಮೊದಲು ಡಾಕ್ಟರೇ ಇಟ್ಟುಕೊಂಡಿರುತ್ತಾರೆ ಎಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ನಾನು ಜಗಲಿಯ ಮೇಲೆ ಕೂತು, ಎರಡು ಹೊತ್ತು ಓಡಿಸಿ ತೋರಿಸು ಎಂದು ಅಪ್ಪಣೆ ಕೊಟ್ಟೆ. ಅವನು ನಕ್ಕುಕೊಂಡು ಒಪ್ಪಿದ. ಸಂಜೆ ಶೋಭಾಳನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಬಂದ. ಕಿಟಕಿ ತೆಗೆದು, ಎ.ಸಿ. ಆರಿಸಿ, ಮೆರವಣಿಗೆಯಂತೆ ನಿಧಾನಕ್ಕೆ. ಬೆಳಗ್ಗೆ ಇನ್ನೊಂದು ಸಲ. ಎರಡು ಸಲವೂ ಓಡಿದ್ದು ಇಪ್ಪತ್ತು, ಕಾರಿನೊಳಗಿನ ಪರದೆಯಲ್ಲಿ ಇಳಿದಿದ್ದೂ ಇಪ್ಪತ್ತೇ. ನಾನು ತಲೆ ಆಡಿಸಿದೆ, ಗಾಡಿ ನಮ್ಮದಾಯಿತು. ಹಸುವಾಗಿದ್ದರೆ ಎರಡು ಹೊತ್ತಿನ ನಡುವಿನ ಆ ರಾತ್ರಿ ನಮ್ಮ ಕೊಟ್ಟಿಗೆಯಲ್ಲೇ ಕಟ್ಟಿಸಿಕೊಳ್ಳುತ್ತಿದ್ದೆ. ಕಾರನ್ನು ಅವನ ಮನೆಗೇ ಕಳಿಸಿದೆ. ಅವನು ಪುನಃ ಪೂರ್ತಿ ಚಾರ್ಜ್ ಮಾಡಿಕೊಂಡು ತಂದ. ತುಂಬಿದಾಗ ಮೊದಲ ಇಪ್ಪತ್ತು ಕಿಲೋಮೀಟರನ್ನು ಎಂಥ ಮುದಿ ಬ್ಯಾಟರಿಯೂ ಕೊಡುತ್ತದಂತೆ. ಅದರ ಬಣ್ಣ ಬಯಲಾಗುವುದು ಅರ್ಧ ಖಾಲಿಯಾದ ಮೇಲೆ.

ಮೊದಲ ಭಾನುವಾರ ಹೊರಟೆವು. ಬೇಸಿಗೆ, ಎ.ಸಿ. ಹಾಕಿತ್ತು. ಹಿಂದೆ ರಾಗಿಹಿಟ್ಟಿನ ಚೀಲ, ಎಳನೀರು, ಸಾರಿನ ಕ್ಯಾರಿಯರು, ಜೊತೆಗೆ ನನ್ನ ತೂಕ. ಸುತ್ತೂರು ದಾಟುವಾಗ ಶೋಭಾ ಮಾತು ನಿಲ್ಲಿಸಿದಳು. ಆಮೇಲೆ ಎ.ಸಿ. ನಿಲ್ಲಿಸಿದಳು. ಟಿ. ನರಸೀಪುರ ಮುಟ್ಟಿದಾಗ ಪರದೆಯಲ್ಲಿ ಎಪ್ಪತ್ತು ಉಳಿದಿತ್ತು.

"ಅತ್ತೆ, ಬಂದಿರೋದು ಐವತ್ತು ಕಿಲೋಮೀಟರು. ತಿಂದಿರೋದು ನೂರಮೂವತ್ತು. ವಾಪಸ್ ಹೋಗಕ್ಕೆ ಆಗಲ್ಲ."

ಊರಿನಲ್ಲಿ ಚಾರ್ಜ್ ಮಾಡುವ ಜಾಗ ಒಂದಿದೆ ಎಂದು ಫೋನು ಹೇಳಿತು. ಹೋಗಿ ನೋಡಿದರೆ ಆ ಮಿಷನ್ನಿಗೆ ಗೋಣಿಚೀಲ ಹೊದಿಸಿದ್ದರು. ಕೊನೆಗೆ ಅಕ್ಕನ ಮಗ ಬಸವರಾಜು ನೀರಿನ ಮೋಟಾರಿನ ಪ್ಲಗ್ಗಿಗೆ ಕಾರಿನ ವೈರು ಸಿಕ್ಕಿಸಿದ. "ಆರು ಗಂಟೆ ಬೇಕು ಚಿಕ್ಕಮ್ಮ. ಅಲ್ಲೀಗಂಟ ನಮ್ಗೆ ನೀರಿಲ್ಲ, ನಿಮ್ಗೆ ಊರಿಲ್ಲ" ಎಂದ.

ಪಡಸಾಲೆಯ ಮಂಚದ ಮೇಲೆ ಅಕ್ಕ ಮಲಗಿದ್ದಳು. ಕಣ್ಣು ಅರಿಸಿನದ ಬಣ್ಣ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಊದಿಕೊಂಡಿತ್ತು. "ಬಂದೇನಮ್ಮಿ? ಯಾವಾಗ ಓಯ್ತೀಯೆ?" ಎಂದಳು. ಯಾವತ್ತೂ ಅವಳ ಮೊದಲ ಮಾತು ಅದೇ. "ಕಾರ್ಗೆ ಒಟ್ಟೆ ತುಂಬುದ್ ಮ್ಯಾಕೆ" ಎಂದೆ. ಆರು ಗಂಟೆ ಅಕ್ಕನ ಎದುರು ಕೂರುವುದು ಸಾಮಾನ್ಯವಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಒಂದು ಗಂಟೆಗಿಂತ ಹೆಚ್ಚು ಒಟ್ಟಿಗೆ ಕೂತವರಲ್ಲ. ಮೊದಲ ಅರ್ಧ ಗಂಟೆ ಕಾಯಿಲೆ ಮಾತಾಡಿದೆವು, ಇನ್ನರ್ಧ ಗಂಟೆ ಯಾರು ಯಾರು ಸತ್ತರು ಎಂದು ಲೆಕ್ಕ ಒಪ್ಪಿಸಿಕೊಂಡೆವು. ಆಮೇಲೆ ಮಾತು ಮುಗಿಯಿತು, ಕಾರು ಮುಗಿಯಲಿಲ್ಲ. ನಾನು ಫ್ಯಾನು ನೋಡಿದೆ, ಅವಳು ಗೋಡೆ ನೋಡಿದಳು. ಹೇಳಬೇಕಾದ ಮಾತು ಬಿಟ್ಟು, ಎಳನೀರು ಬೇಕಾ ಎಂದು ಎರಡು ಸಲ ಕೇಳಿದೆ. ಎರಡನೇ ಭಾನುವಾರವೂ ಇದೇ ಪಾಡು. ಹತ್ತು ನಿಮಿಷದ ಮಾತಿಗೆ ಹನ್ನೆರಡು ಗಂಟೆ ಸಾಲಲಿಲ್ಲ.

ಮೂರನೇ ಭಾನುವಾರ ಶೋಭಾ ಕೋಣೆಯಲ್ಲಿ ಪರೀಕ್ಷೆ ಪೇಪರು ತಿದ್ದುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಹೇಳಿಬಿಟ್ಟೆ. "ಅಕ್ಕ, ನಿಮಗೆ ನಾವು ಒಂದ್ ಕಪ್ಪು ಅಸ ಮಾರಿದ್ವಲ್ಲ. ಭಾವ ಬಂದ ದಿನ ಬೆಳಗ್ಗೆ ನಾನು ಆಲು ಕರ್ದಿರ್ಲಿಲ್ಲ. ಬೇಕಂತ್ಲೇ ಬುಟ್ಟಿದ್ದೆ." ಭಾವ ಸಂಜೆ ಒಂದು ಹೊತ್ತಿನ ಹಾಲು ನೋಡಿ, ನೆಂಟರ ಮನೆಯ ಹಸು ಎಂದು ಎರಡನೇ ಹೊತ್ತು ಕೇಳದೆ ಹೊಡೆದುಕೊಂಡು ಹೋಗಿದ್ದ. ಆಗ ನನಗೆ ಇಪ್ಪತ್ತೆರಡು ವರ್ಷ, ಅದನ್ನು ಜಾಣತನ ಎಂದುಕೊಂಡಿದ್ದೆ.

"ಗೊತ್ತು ಕಣಮ್ಮಿ" ಎಂದಳು ಅಕ್ಕ. "ಮೂರು ದಿನಕ್ಕೇ ಗೊತ್ತಾಯ್ತು. ನಮ್ಮತ್ತೆ ಪಾವಲ್ಲಿ ಅಳ್ದು ತೋರ್ಸುದ್ರು. ನಿನ್ ತಂಗಿ ಕೊಟ್ಟಿರಾ ಅಸ ಕರೆಯಾದು ಇಷ್ಟೇಯ, ಇದ್ರಲ್ಲಿ ನಿನ್ ಪಾಲಿಲ್ಲ ಅಂದ್ರು. ಅವ್ರು ಸಾಯೋಗಂಟ ನನ್ ಕಾಪಿಗೆ ಆಲು ಬೀಳ್ನಿಲ್ಲ. ಆಮ್ಯಾಕೆ ಆಲು ಆಕುದ್ರೂ ಸೇರ್ದಂಗಾಯ್ತು."

ಅವಳು ಕರೀ ಕಾಫಿ ಕುಡಿಯುವುದನ್ನು ಎಷ್ಟೋ ವರ್ಷದಿಂದ ನೋಡಿದ್ದೆ. ಟೌನಿನವಳ ಧಿಮಾಕು ಎಂದು ನಮ್ಮೂರಲ್ಲಿ ಹೇಳಿಕೊಂಡು ನಕ್ಕಿದ್ದೂ ಉಂಟು.

"ನಂಗ್ಯಾಕೆ ಯೋಳ್ನಿಲ್ಲ?"

"ನೀನು ಕುಂತಿದ್ರೆ ತಾನೆ ಯೋಳಾದು? ಬಂದೋಳು ಬಸ್ಸು ಬಸ್ಸು ಅಂತ ಎದ್ದು ಓಯ್ತಿದ್ದೆ." ಅಷ್ಟು ಹೇಳಿ ಕಷ್ಟಪಟ್ಟು ಗೋಡೆಯ ಕಡೆ ಹೊರಳಿದಳು. "ಓಗು, ನಿನ್ ಕಾರು ತುಂಬೈತಾ ನೋಡೋಗು."

ಹೋಗಿ ನೋಡಿದೆ. ಇನ್ನೂ ಎರಡು ಗಂಟೆ ಎಂದು ತೋರಿಸುತ್ತಿತ್ತು. ಆ ಎರಡು ಗಂಟೆಯೂ ನಾನು ಕಾರಿನ ಪಕ್ಕ ಕಲ್ಲಿನ ಮೇಲೆ ಕೂತೆ, ಒಳಗೆ ಹೋಗಲಿಲ್ಲ. ಆಮೇಲೆ ಇನ್ನೆರಡು ಭಾನುವಾರ ಹೋದೆವು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಯಿತು ಬಿಡು ಎಂದು ಅವಳು ಒಂದು ಸಲ ಅಂದಿದ್ದರೆ ಚೆನ್ನಾಗಿತ್ತು. ಅನ್ನಲಿಲ್ಲ. ಯಾಕೆ ಅನ್ನಬೇಕು? ಒಂದು ಬುಧವಾರ ಬೆಳಗ್ಗೆ ಬಸವರಾಜು ಫೋನು ಮಾಡಿದ. ಹಿಂದಿನ ದಿನ ಕರೆಂಟಿಲ್ಲದೆ ಕಾರಿನ ಚಾರ್ಜು ಅರ್ಧಕ್ಕೇ ನಿಂತಿತ್ತು. ಅಕ್ಕನ ಮಣ್ಣಿಗೆ ಬಾಡಿಗೆ ಕಾರಿನಲ್ಲಿ ಹೋದೆವು.

ತಿಥಿ ಮುಗಿದ ಮೇಲೆ ಶೋಭಾ, "ಎಲ್ಲಿಗೆ ಹೊರಟ್ರೂ ಮೊದಲು ಪ್ಲಗ್ ಹುಡುಕಬೇಕು ಅತ್ತೆ, ನನಗೆ ಸಾಕಾಯ್ತು, ಮಾರಿಬಿಡೋಣ" ಎಂದಳು. ಹೆಮ್ಮರಗಾಲದಿಂದ ಒಬ್ಬ ಹುಡುಗ ನೋಡಲು ಬಂದ. ಹೆಂಡತಿ ಬಸುರಿ, ತಿಂಗಳು ತಿಂಗಳು ಮೈಸೂರಿಗೆ ತೋರಿಸಲು ಹೋಗಿ ಬರಬೇಕಂತೆ. ಮೈಲೇಜ್ ಎಷ್ಟು ಬರುತ್ತೆ ಮೇಡಂ ಎಂದು ಕೇಳಿದ. ಶೋಭಾ ನನ್ನ ಕಡೆ ನೋಡಿದಳು. ಟೀಚರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಇಷ್ಟವಿಲ್ಲ. ನಾನೇ ಬಾಯಿ ಬಿಟ್ಟೆ. "ನೂರು ಬತ್ತದೆ ಕಣಪ್ಪ. ಎ.ಸಿ. ಆಕುದ್ರೆ ಎಂಬತ್ತು."

ಅವನು ಬಗ್ಗಿ ಒಳಗಿನ ಪರದೆ ನೋಡಿದ. "ಇನ್ನೂರು ಅಂತ ತೋರಿಸ್ತಾ ಅದಲ್ಲ ಅಜ್ಜಿ?" ಎಂದು ನಕ್ಕು, ಶೋಭಾಳ ಕಡೆ ತಿರುಗಿ, "ವಯಸ್ಸಾದವ್ರು, ಅವ್ರಿಗೇನ್ ಗೊತ್ತಾಗುತ್ತೆ ಬುಡಿ ಮೇಡಂ" ಎಂದ. ಸಂಜೆಯೊಳಗೆ ಗಾಡಿ ಹೆಮ್ಮರಗಾಲದ ದಾರಿ ಹಿಡಿಯಿತು.

ಬಾಯಿ ಬಿಟ್ಟು ನಿಜ ಹೇಳಿದೆ, ಅವನೇ ಕೇಳಲಿಲ್ಲ ಎಂದು ಈಗ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಎಲ್ಲರೂ ನನ್ನನ್ನು ಮೆಚ್ಚಿಕೊಳ್ಳುತ್ತಾರೆ. ಅವನು ನಕ್ಕಾಗ ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು. ಗಾಡಿ ತೊಲಗಲಿ ಎಂದು ನನಗೂ ಇತ್ತು, ಒಂದೇ ಸಲ ಹೇಳಿ ಸುಮ್ಮನಾದೆ. ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.