ಮೈನಸ್ ಏಳು ಡಿಗ್ರಿಯ ಆಸೆ

ಸಿಹಿ ವೈನ್ ಇಷ್ಟಪಡುವುದು ಜರ್ಮನಿಯಲ್ಲಿ ಅಪರಾಧವೇನಲ್ಲ. ಆದರೆ ಟ್ರಿಯರ್ ಊರಿನ ಲೋಥಾರ್ ಕ್ನೋಪ್‌ನ ಮನೆಯಲ್ಲಿ ಅದು ಅಪರಾಧಕ್ಕಿಂತ ಒಂದು ಕೈ ಮೇಲೇ. ಯಾಕೆಂದರೆ ಅವನ ಹೆಂಡತಿ ರೋಸ್ವಿತಾ ಹತ್ತು ವರ್ಷದ ಹಿಂದೆ ಸಂಜೆ ತರಗತಿಗೆ ಹೋಗಿ ವೈನ್ ರುಚಿ ನೋಡುವ ವಿದ್ಯೆ ಕಲಿತು ಬಂದಳು. ಬಂದವಳೇ ನೆಲಮಾಳಿಗೆಯಲ್ಲಿದ್ದ ಸಿಹಿ ಬಾಟಲಿಗಳನ್ನೆಲ್ಲ ಚರ್ಚಿನ ಲಾಟರಿಗೆ ದಾನ ಮಾಡಿಬಿಟ್ಟಳು. ಸಿಹಿ ವೈನ್ ಎಂದರೆ ಬೆಳೆದವರು ಕುಡಿಯುವ ಶರಬತ್ತು, ಇದು ಅವಳ ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಸಿಹಿಯ ಸೋಂಕಿಲ್ಲದ ಡ್ರೈ ವೈನ್ ಒಂದೇ. ಪ್ರತಿ ಗುರುವಾರ ಮಧ್ಯಾಹ್ನ ಅವಳ ನಾಲ್ವರು ಗೆಳತಿಯರು ಬಂದು, ಹುಳಿಹುಳಿಯಾದ ಒಂದೊಂದು ಗುಟುಕನ್ನು ಬಾಯಲ್ಲಿ ಗುಳುಗುಳು ಮಾಡಿ, "ಆಹಾ, ಸ್ಲೇಟಿನ ರುಚಿ" ಎಂದು ಕಣ್ಣು ಮುಚ್ಚುತ್ತಿದ್ದರು. (ನೀವೆಲ್ಲ ಸ್ಲೇಟನ್ನು ಯಾವಾಗ ನೆಕ್ಕಿದ್ದು ಎಂದು ಲೋಥಾರ್ ಒಮ್ಮೆ ಕೇಳಿದ. ಆಮೇಲೆ ಎರಡು ಗುರುವಾರ ಅವನ ತಟ್ಟೆಗೆ ಚೀಸ್ ಬೀಳಲಿಲ್ಲ.) ಲೋಥಾರ್ ಸಾಧು ಪ್ರಾಣಿ. ಮೂವತ್ತೆಂಟು ವರ್ಷ ಊರವರ ಪಿಯಾನೋಗಳ ಶ್ರುತಿ ಸರಿಮಾಡಿ ನಿವೃತ್ತನಾದವನು. ಬೇರೆಯವರ ಅಪಸ್ವರ ಸಹಿಸಿಕೊಂಡೇ ಅನ್ನ ತಿಂದವನು. ಅವನೂ ಒಂದು ಗ್ಲಾಸು ಹಿಡಿದು, ಮುಖ ಕಿವುಚದ ಹಾಗೆ ನೋಡಿಕೊಂಡು, ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ.

ಹೀಗಿರುವಾಗ ಒಂದು ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ವರ್ಷದ ವೈನ್ ಖರೀದಿಗೆ ವೆಂಡೆಲ್ ಟೈಸ್ ಎಂಬ ದ್ರಾಕ್ಷಿ ಬೆಳೆಗಾರನ ಮನೆಗೆ ಹೋದರು. ಮೋಸೆಲ್ ನದಿ ಸೊಂಟ ತಿರುಗಿಸಿದ ಜಾಗದಲ್ಲಿ ಅವನ ಮನೆ, ಮನೆಯ ಬೆನ್ನಿಗೇ ಕಡಿದಾದ ದ್ರಾಕ್ಷಿ ತೋಟ. ಅಡುಗೆಮನೆಯ ಮೇಜಿನ ಸುತ್ತ ಕೂತು ಏಳು ಬಗೆಯ ಡ್ರೈ ವೈನ್ ರುಚಿ ನೋಡಿದ್ದಾಯಿತು. ರೋಸ್ವಿತಾ ತರಗತಿಯಲ್ಲಿ ಕಲಿತ ಹಾಗೆ ಒಂದೊಂದನ್ನೂ ಬಕೆಟ್ಟಿಗೆ ಉಗುಳಿ ಎರಡು ಪೆಟ್ಟಿಗೆ ಆರಿಸಿದಳು. ಕಾರು ಓಡಿಸುವ ಕರ್ಮ ತನ್ನದಾದ್ದರಿಂದ ಲೋಥಾರ್ ಕೂಡ ಏಳನ್ನೂ ಉಗುಳಿದ್ದ, ಅದೂ ಬಹಳ ಸಂತೋಷದಿಂದ. ಎದ್ದು ಹೊರಡುವ ಹೊತ್ತಿಗೆ ಟೈಸ್ ಬೀರುವಿನಿಂದ ಗೇಣುದ್ದದ ತೆಳ್ಳನೆ ಬಾಟಲಿ ತೆಗೆದು, ಬೆರಳಿನಷ್ಟು ಪುಟ್ಟ ಗ್ಲಾಸಿಗೆ ಒಂದು ಚಮಚದಷ್ಟು ಸುರಿದ. ಐಸ್ ವೈನ್. ರೋಸ್ವಿತಾ ಕೈ ಅಡ್ಡ ಮಾಡಿದಳು. ಲೋಥಾರ್ ಬಾಯಿಗೆ ಹಾಕಿಕೊಂಡ, ಬಕೆಟ್ಟಿನ ಕಡೆ ಬಗ್ಗಿದ, ಬಗ್ಗಿದವನು ಹಾಗೇ ನಿಂತುಬಿಟ್ಟ.

ಅದನ್ನು ಉಗುಳುವುದು ಹೇಗೆ? ಮೊದಲು ಏಪ್ರಿಕಾಟ್ ಬಂತು, ಅದರ ಹಿಂದೆ ಜೇನು, ಜೇನು ಮುಗಿಯಿತು ಅನ್ನುವಷ್ಟರಲ್ಲಿ ಸಣ್ಣಗೆ, ಎಚ್ಚರಿಸುವ ಹಾಗೆ, ಒಂದು ಹುಳಿ. ಕಿಟಕಿಯಾಚೆ ನದಿ ಹರಿಯುವುದನ್ನು ಮರೆತಂತೆ ಕಂಡಿತು. ಆರು ವರ್ಷದ ಲೋಥಾರ್ ಸೋದರತ್ತೆಯ ಹಿತ್ತಲಿನ ಪಿಯರ್ ಹಣ್ಣಿನ ಮರದ ಕೆಳಗೆ ಅಂಗಾತ ಮಲಗಿದ್ದ, ಬಿಸಿಲು ಎಲೆಗಳ ನಡುವಿನಿಂದ ಇಳಿದು ಅವನ ಹೊಟ್ಟೆಯ ಮೇಲೆ ಆಡುತ್ತಿತ್ತು, ಶಾಲೆಗೆ ಇನ್ನೂ ನಾಲ್ಕು ವಾರ ರಜೆ. ಅಷ್ಟು ಸುಖ ಅವನಿಗೆ ಆಮೇಲೆ ಎಂದೂ ಸಿಕ್ಕಿರಲಿಲ್ಲ. ನುಂಗಿದ. ಹೆಂಡತಿ ಬೇಡವೆಂದ ಪಾಲನ್ನೂ ಕೇಳಿ ಹಾಕಿಸಿಕೊಂಡು ನುಂಗಿದ.

"ಒಂದು ಬಾಟಲಿ ತಗೊಳ್ಳೋಣ ರೋಸಿ" ಎಂದ, ಇನ್ನೂ ಪಿಯರ್ ಮರದ ಕೆಳಗಿನಿಂದಲೇ.

"ಐವತ್ತನಾಲ್ಕು ಯೂರೋ. ಅದೂ ಅರ್ಧ ಬಾಟಲಿಗೆ. ಆ ದುಡ್ಡಿಗೆ ಆರು ಬಾಟಲಿ ಒಳ್ಳೇ ವೈನ್ ಬರುತ್ತೆ."

"ನನ್ನ ಹುಟ್ಟುಹಬ್ಬಕ್ಕೆ ಅಂತ ಇಟ್ಕೋ."

"ನಿನ್ನ ಹುಟ್ಟುಹಬ್ಬಕ್ಕೆ ಕೇಕ್ ಮಾಡ್ತೀನಲ್ಲ. ಸಿಹಿ ತಿನ್ನಬೇಕಾದ್ರೆ ತಿನ್ನು, ಕುಡೀಬೇಡ. ಕೀಲಿಕೈ ಇಲ್ಲಿ ಕೊಡು, ನುಂಗಿದವನು ಕಾರು ಓಡಿಸೋದು ಬೇಡ."

ಅವಳು ಕೈ ತೊಳೆಯಲು ಹೋದ ಎರಡು ನಿಮಿಷದಲ್ಲಿ ಲೋಥಾರನ ಬದುಕಿನ ದಿಕ್ಕು ಬದಲಾಯಿತು. ಟೈಸ್ ಗುಟ್ಟಾಗಿ ಒಂದು ದಾರಿ ತೋರಿಸಿದ. ಮೇಲಿನ ತೋಟದಲ್ಲಿ ನಾಲ್ಕು ಸಾಲು ದ್ರಾಕ್ಷಿಯನ್ನು ಕೊಯ್ಯದೆ ಹಾಗೇ ಬಿಟ್ಟಿದ್ದಾನೆ. ಚಳಿ ಮೈನಸ್ ಏಳಕ್ಕೆ ಇಳಿಯಬೇಕು, ಹಣ್ಣು ಗಿಡದಲ್ಲೇ ಗೋಲಿಯ ಹಾಗೆ ಗಟ್ಟಿಯಾಗಬೇಕು, ಸೂರ್ಯ ಏಳುವ ಮೊದಲು ಕೊಯ್ದು ಹಿಂಡಬೇಕು. ಆಗ ನೀರೆಲ್ಲ ಮಂಜುಗಡ್ಡೆಯಾಗಿ ಹಿಂಡುವ ಯಂತ್ರದಲ್ಲೇ ಉಳಿದು ಬರೀ ಸಿಹಿ ಇಳಿಯುತ್ತದೆ. ಅಂಥ ದಿನ ಬೆಳಗಿನ ಜಾವ ಫೋನ್ ಮಾಡಿದರೆ ಓಡಿ ಬರುವವರ ಪಟ್ಟಿಯೊಂದಿದೆ. ಕೂಲಿ ತಲಾ ಒಂದು ಬಾಟಲಿ. ಲೋಥಾರ್ ಹೆಸರು ಬರೆಸಿದ.

ಆಮೇಲೆ ಶುರುವಾಯಿತು ನೋಡಿ ಕಾಯುವ ತಪಸ್ಸು. ಆ ವರ್ಷ ಚಳಿಗಾಲಕ್ಕೆ ಏನಾಗಿತ್ತೋ, ಡಿಸೆಂಬರ್‌ನಲ್ಲೂ ಜನ ಕೋಟಿನ ಗುಂಡಿ ಹಾಕದೆ ಓಡಾಡಿದರು. ಊರಿಗೆ ಊರೇ ಹಿಗ್ಗುತ್ತಿದ್ದರೆ ಲೋಥಾರ್ ಒಬ್ಬ ಬಾಲ್ಕನಿಯ ಥರ್ಮಾಮೀಟರ್ ಮುಂದೆ ಸಪ್ಪೆ ಮೋರೆ ಹಾಕಿಕೊಂಡು ಕೂರುತ್ತಿದ್ದ. ಕ್ರಿಸ್‌ಮಸ್ ಹಿಂದಿನ ದಿನ ಮೈನಸ್ ಎರಡಕ್ಕೆ ಇಳಿದಾಗ ಕೈಗವಸು ಹುಡುಕಿ ತೆಗೆದಿಟ್ಟ. ಮಧ್ಯಾಹ್ನಕ್ಕೆ ಮಳೆ ಬಂತು. ರೇಡಿಯೋದಲ್ಲಿ ಹವಾಮಾನ ಹೇಳುವ ಹೆಂಗಸಿನ ದನಿ ಕೇಳಿದರೆ ಸಾಕು, ಕಾಫಿ ಬಟ್ಟಲು ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಕಣ್ಣು ಬಿಟ್ಟುಕೊಂಡೇ ಅವನು ಆ ನಾಲ್ಕು ಸಾಲಿನ ನಡುವೆ ಅಡ್ಡಾಡುತ್ತಿದ್ದ. ಬಾಟಲಿ ಬಂದರೆ ಪಿಯಾನೋದ ಒಳಗೆ ಇಡುವುದು. ಭಾನುವಾರಕ್ಕೊಂದು ಚಮಚ. ವರ್ಷವಿಡೀ ಬಂದೀತು. ರೋಸ್ವಿತಾಳಿಗೆ ಅವನ ವರ್ತನೆ ವಿಚಿತ್ರ ಕಂಡಿತು, ಆದರೆ ನಿವೃತ್ತರಾದ ಗಂಡಸರು ಹೀಗೇ ಎಂದು ಗೆಳತಿಯರು ಸಮಾಧಾನ ಹೇಳಿದರು.

ಜನವರಿ ಹನ್ನೊಂದು, ಬೆಳಗಿನ ನಾಲ್ಕಕ್ಕೆ ಫೋನ್ ಬಂತು. ಮೈನಸ್ ಒಂಬತ್ತು. ಲೋಥಾರ್ ಎರಡು ಪ್ಯಾಂಟು, ಮೂರು ಸ್ವೆಟರ್ ತೊಟ್ಟು ಕಳ್ಳ ಹೆಜ್ಜೆ ಇಡುತ್ತಿದ್ದಾಗ ದೀಪ ಹತ್ತಿತು.

"ಎಲ್ಲಿಗೆ ಸವಾರಿ?"

"ಟೈಸ್ ಅವರ ತೋಟಕ್ಕೆ. ಕೊಯ್ಯೋಕೆ ಜನ ಸಾಲದಂತೆ, ಪಾಪ."

"ಮೂವತ್ತೆರಡು ವರ್ಷದಲ್ಲಿ ಒಂದು ದಿನ ಮೆಟ್ಟಿಲ ಮೇಲಿನ ಹಿಮ ಗುಡಿಸಿದವನಲ್ಲ ನೀನು. ಈಗ ನಾಲ್ಕು ಗಂಟೆಗೆ ಪರೋಪಕಾರ ಹುಟ್ಕೊಂತಾ?"

"ಒಳ್ಳೇ ಮನುಷ್ಯ ರೋಸಿ ಅವರು."

"ಟೋಪಿ ಕಿವಿ ಮುಚ್ಚೋ ಹಾಗೆ ಹಾಕ್ಕೋ. ಶೀತ ಹಿಡಿಸ್ಕೊಂಡು ಬಂದು ನರಳಿದ್ರೆ ನಾನಂತೂ ನೋಡೋದಿಲ್ಲ" ಎಂದವಳು ಎದ್ದು ಫ್ಲಾಸ್ಕಿಗೆ ಬಿಸಿ ಚಹಾ ತುಂಬಿಸಿ ಕೊಟ್ಟಳು.

ತೋಟದಲ್ಲಿ ಹನ್ನೆರಡು ಜನ ಹಣೆಗೆ ದೀಪ ಕಟ್ಟಿಕೊಂಡು ಮಾತಿಲ್ಲದೆ ಕೊಯ್ಯುತ್ತಿದ್ದರು. ಗೊಂಚಲುಗಳು ಬಕೆಟ್ಟಿಗೆ ಬಿದ್ದಾಗ ಟಣ್ ಎನ್ನುತ್ತಿದ್ದವು. ಮೇಲೆ ನಕ್ಷತ್ರ, ಕೆಳಗೆ ನದಿಯ ಮೇಲೆ ಬಿಳಿ ಹೊಗೆ. ಲೋಥಾರನಿಗೆ ಬೆರಳು ಇದೆಯೋ ಇಲ್ಲವೋ ತಿಳಿಯದಿದ್ದರೂ ಎದೆ ಮಾತ್ರ ಬೆಚ್ಚಗಿತ್ತು. ಆದರೆ ಅವನು ಒಂದು ಗೊಂಚಲು ಕೊಯ್ದು, ದೀಪಕ್ಕೆ ಹಿಡಿದು ಮೆಚ್ಚಿ, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದವರ ಬಕೆಟ್ ತುಂಬುತ್ತಿತ್ತು. ಟೈಸ್ ನೋಡುವಷ್ಟು ನೋಡಿ ಹಗುರದ ಕೆಲಸ ಕೊಟ್ಟ. ಯಂತ್ರ ಒಂದು ಸಲ ತುಂಬಿದೆ, ಹಿಂಡಲು ಮೂರು ಗಂಟೆ ಹಿಡಿಯುತ್ತದೆ, ಉಳಿದ ಮೂರು ಕ್ರೇಟ್ ಅಂಗಳದಲ್ಲಿವೆ, ಅಲ್ಲೇ ನಿಂತು ನೋಡಿಕೊಳ್ಳಿ ಎಂದ.

ಲೋಥಾರ್ ನೋಡಿಕೊಂಡ. ಪಿಯಾನೋವನ್ನು ಚಳಿಯಲ್ಲಿ ಬಿಡಬೇಡಿ, ಬಿಟ್ಟರೆ ಬಿರುಕು ಬಿಡುತ್ತದೆ ಎಂದು ಮೂವತ್ತೆಂಟು ವರ್ಷ ಮನೆಮನೆಗೆ ಹೋಗಿ ಬುದ್ಧಿ ಹೇಳಿದ ಮನುಷ್ಯ ಅವನು. ಇಷ್ಟು ಬೆಲೆಬಾಳುವ ಹಣ್ಣು ಬಟ್ಟಬಯಲಲ್ಲಿ ಮರಗಟ್ಟುತ್ತಿರುವುದು ನೋಡಿ ಕರುಳು ಚುರ್ ಎಂದಿತು. (ಮರಗಟ್ಟಲೆಂದೇ ಒಬ್ಬ ಮನುಷ್ಯ ಮೂರು ತಿಂಗಳು ಕಾದಿದ್ದ ಎನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.) ಕೆಲಸದವರಿಗೆ ಸೂಪು ಕುದಿಯುತ್ತಿದ್ದ ಹಿತ್ತಲ ಅಡುಗೆಮನೆಗೆ ಒಂದೊಂದಾಗಿ ಮೂರೂ ಕ್ರೇಟ್ ಎಳೆದು, ಒಲೆಯ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿ, ಕಾವಲಿಗೆ ತಾನೂ ಕುರ್ಚಿ ಹಾಕಿಕೊಂಡು ಕೂತ. ಒಲೆಯ ಕಾವಿಗೆ ಕಣ್ಣು ಎಳೆಯಿತು. ಮತ್ತೆ ಪಿಯರ್ ಮರ, ಮತ್ತೆ ಬಿಸಿಲು. ಈ ಸಲ ಮರದಿಂದಲೇ ವೈನ್ ತೊಟ್ಟಿಕ್ಕುತ್ತಿತ್ತು, ತೊಟ್, ತೊಟ್, ತೊಟ್.

ಕಣ್ಣು ಬಿಟ್ಟರೆ ತೊಟ್ಟಿಕ್ಕುತ್ತಿದ್ದದ್ದು ಕ್ರೇಟುಗಳು. ಎದುರಿಗೆ ಟೈಸ್ ನಿಂತಿದ್ದ. ಒಂದು ಹಣ್ಣು ಹಿಸುಕಿ ನೋಡಿದ. ಮೆತ್ತಗೆ, ಬೆಚ್ಚಗೆ, ಪೇಟೆಯ ದ್ರಾಕ್ಷಿಯ ಹಾಗೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ತೋಳಿನಿಂದ ಮುಖ ಒರೆಸಿಕೊಂಡು, ಇದರಿಂದ ಇನ್ನು ಐಸ್ ವೈನ್ ಆಗುವುದಿಲ್ಲ ಎಂದಷ್ಟೇ ಹೇಳಿದ. ಲೋಥಾರ್ ನಾಚಿಕೆಯಿಂದ ಕುಗ್ಗಿಹೋದ. ಹಣ್ಣಿನ ಬೆಲೆ ತಾನೇ ಕೊಡುತ್ತೇನೆ ಎಂದ. ಹಾಗಾದರೆ ಬೇರೆ ಇಟ್ಟು ಹುದುಗಿಸುತ್ತೇನೆ, ಆದ ವೈನ್ ಕ್ನೋಪ್ ಅವರದೇ ಎಂದು ಟೈಸ್ ತೀರ್ಮಾನಿಸಿದ. ಲೋಥಾರ್ ಕೂಲಿಯ ಮಾತೆತ್ತದೆ ಮನೆಗೆ ಹೋಗಿ ಬೆನ್ನು ನೋವು ಎಂದು ಮಲಗಿದ. ರೋಸ್ವಿತಾ ಮುಲಾಮು ಹಚ್ಚಿದಳು.

ಮೇ ತಿಂಗಳ ಒಂದು ಗುರುವಾರ ಟೈಸ್‌ನ ವ್ಯಾನ್ ಮನೆ ಮುಂದೆ ನಿಂತಿತು. ಗೆಳತಿಯರೆಲ್ಲ ಇದ್ದರು. ಐವತ್ತು ಬಾಟಲಿ ಒಳಗೆ ಬಂದವು.

"ಇದು ನಿಮ್ಮ ಯಜಮಾನರದೇ ವೈನ್. ಅವರೇ ಕೊಯ್ದಿದ್ದು" ಎಂದ ಟೈಸ್. ಅವನ ಕೋಪ ಇಳಿದಿತ್ತು. "ಸಿಹಿಯೆಲ್ಲ ಹುದುಗಿ ಹೋಗಿದೆ, ಪೂರ್ತಿ ಡ್ರೈ."

ರೋಸ್ವಿತಾ ಒಂದು ಬಾಟಲಿ ತೆರೆದು ಗ್ಲಾಸಿಗೆ ಸುರಿದು ಬಾಯಿಗೆ ಹಾಕಿಕೊಂಡಳು. ಗುಳುಗುಳು ಮಾಡಲಿಲ್ಲ. ಗ್ಲಾಸು ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದಳು.

"ಆ ಚಳೀಲಿ ನೀನು ಹೋಗಿದ್ದು ಇದಕ್ಕಾ ಲೋಥಾರ್? ನನಗೋಸ್ಕರ?"

ಲೋಥಾರ್ ಟೈಸ್‌ನನ್ನು ನೋಡಿದ. ಟೈಸ್ ಗೋಡೆಯ ಗಡಿಯಾರ ನೋಡಿದ. ನಾಲ್ವರು ಹೆಂಗಸರು ಗ್ಲಾಸು ಹಿಡಿದು ಕಾಯುತ್ತಿದ್ದರು.

"ಹೂಂ" ಎಂದ.

ರೋಸ್ವಿತಾಳ ಕಣ್ಣು ತುಂಬಿತು. "ಇಷ್ಟು ವರ್ಷ ನೀನು ನನ್ನ ಬಲವಂತಕ್ಕೆ ಕುಡೀತೀಯ ಅಂದ್ಕೊಂಡಿದ್ದೆ" ಎಂದು ಎಲ್ಲರ ಮುಂದೆ ಅವನ ಕೆನ್ನೆಗೆ ಮುತ್ತಿಟ್ಟಳು. ಎಷ್ಟೋ ಕಾಲದ ಮೇಲೆ ಸಿಕ್ಕ ಮುತ್ತು ಅದು. ಲೋಥಾರನಿಗೆ ನಿಜವಾಗಿಯೂ ಸಂತೋಷವಾಯಿತು, ಸುಳ್ಳು ಹೇಳಬಾರದು.

ಆಗ ಟೈಸ್ ಕೋಟಿನ ಒಳಜೇಬಿಗೆ ಕೈ ಹಾಕಿ ಆ ತೆಳ್ಳನೆ ಬಾಟಲಿ ತೆಗೆದ. ಪಟ್ಟಿಯಲ್ಲಿದ್ದವರಿಗೆಲ್ಲ ಕೊಟ್ಟಾಯಿತು, ಮಾತು ಮಾತೇ, ಇದು ನಿಮ್ಮ ಕೂಲಿ ಎಂದು ಲೋಥಾರನ ಎರಡೂ ಕೈಗಳ ಮೇಲಿಟ್ಟ. ಚಿನ್ನದ ಬಣ್ಣ ಬಿಸಿಲಿಗೆ ಹೊಳೆಯಿತು. ಲೋಥಾರನಿಗೆ ಕೋಣೆ, ಹೆಂಗಸರು, ವ್ಯಾನ್ ಎಲ್ಲ ಮಸುಕಾದವು.

"ಅಯ್ಯೋ, ಇವನಿಗಿನ್ನು ಇದೆಲ್ಲ ಯಾಕೆ?" ರೋಸ್ವಿತಾ ಹೆಮ್ಮೆಯಿಂದ ಗೆಳತಿಯರ ಕಡೆ ತಿರುಗಿದಳು. "ಎಲ್ಫ್ರೀಡೆ, ನಿನ್ನ ಗಂಡ ಇನ್ನೂ ಶರಬತ್ತೇ ಕುಡಿಯೋದಲ್ವಾ? ಲೋಥಾರ್, ನೀನೇ ನಿನ್ನ ಕೈಯಾರೆ ಕೊಡು."

ಲೋಥಾರ್ ಕೊಟ್ಟ. ಕೊಡುವಾಗ ಬೆರಳು ಸ್ವಲ್ಪ ಹೊತ್ತು ಬಿಡಲಿಲ್ಲ, ಎಲ್ಫ್ರೀಡೆ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು. ಪಾಪ ನನ್ನ ಗಂಡನಿಗೆ ಎನ್ನುತ್ತಲೇ ಅವಳು ಅದನ್ನು ಚೀಲದ ತಳಕ್ಕೆ ತಳ್ಳಿ, ಮೇಲೆ ಸ್ಕಾರ್ಫ್ ಮುಚ್ಚಿ, ತುಟಿ ಸವರಿಕೊಂಡದ್ದನ್ನು ಕಂಡವನು ಲೋಥಾರ್ ಒಬ್ಬನೇ.

ರೋಸ್ವಿತಾ ಅವನ ಗ್ಲಾಸನ್ನು ಅಂಚಿನವರೆಗೆ ತುಂಬಿಸಿದಳು. "ಟೈಸ್ ಅವರೇ, ಮುಂದಿನ ಚಳಿಗಾಲಕ್ಕೂ ಇವನ ಹೆಸರು ಬರ್ಕೊಳ್ಳಿ" ಎಂದಳು. "ಆದ್ರೆ ಕೂಲಿ ಗೀಲಿ ಏನೂ ಬೇಡ. ಇಂಥದ್ದೇ ಇನ್ನೊಂದು ಐವತ್ತು ಬಾಟಲಿ ಮಾಡಿಸಿದ್ರೆ ಸಾಕು."