ಮೂರು ಕೊಟೇಶನ್ನು, ಒಂದು ಹೊಲಿಗೆ ಕ್ಲಾಸು

"ಈ ಮನೆಗೆ ಇಂಟರ್ನೆಟ್ಟು, ಫೋನು, ಟೀವಿ ಮೂರೂ ಇನ್ಮೇಲೆ ನ್ಯಾಯವಾದ ಬೆಲೆಗೇ ಬರಬೇಕು. ಬರದೇ ಹೋದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!"

ಹೀಗೆ ಘೋಷಿಸಿ ಸ್ಟೋರ್ ಕೀಪರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಕಾಫಿ ತುಳುಕಿ ಆ ತಿಂಗಳ ಬಿಲ್ಲಿನ ಮೇಲೇ ಬಿತ್ತು. ಬಿಲ್ಲು ಹೋದ ತಿಂಗಳಿಗಿಂತ ಜಾಸ್ತಿ ಬಂದಿತ್ತು, ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ. ಸಿಟ್ಟಿಗೆ ಕಾರಣ ಅದೇ.

ಸ್ಟೋರ್ ಕೀಪರು ಅಂದರೆ ಸಾಮಾನ್ಯ ಆಸಾಮಿ ಅಲ್ಲ ಕಣ್ರಪ್ಪ! ಒಂದು ದೊಡ್ಡ ಆಸ್ಪತ್ರೆಯ ಉಗ್ರಾಣಕ್ಕೇ ಒಡೆಯರು. ಹತ್ತಿ, ಸೂಜಿ, ಬಕೆಟ್ಟು, ಪೊರಕೆ, ಏನು ಬೇಕಾದರೂ ಮೊದಲು ಮೂರು ಅಂಗಡಿಯಿಂದ ಮೂರು ಕೊಟೇಶನ್ನು ಬರಬೇಕು. ಅದೂ ಮುಚ್ಚಿದ ಲಕೋಟೆಯಲ್ಲಿ. ಲಕೋಟೆಯ ಮೇಲೆ ತಾರೀಖು, ಒಳಗೆ ಸಹಿ, ಎಲ್ಲದಕ್ಕೂ ಮೂರು ಮೂರು ಪ್ರತಿ. ಇಪ್ಪತ್ತಾರು ವರ್ಷದಲ್ಲಿ ಈ ನಿಯಮ ಒಂದು ಸಲವೂ ತಪ್ಪಿಲ್ಲ. ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವರನ್ನು 'ಮೂರ್ ಪ್ರತಿ' ಅಂತಲೇ ಕರೆಯುವುದು. ಅದು ಅವರಿಗೂ ಗೊತ್ತು. ಯಾರೋ ಕೊಟ್ಟ ಬಿರುದು ಅಂದುಕೊಂಡು ಒಳಗೊಳಗೇ ಉಬ್ಬುತ್ತಿದ್ದರು, ಪಾಪ!

ಹೆಂಡತಿ ಹೊಲಿಗೆಯಾಕೆ. ಹನ್ನೊಂದು ವರ್ಷ ಪೇಟೆಯ ಟೈಲರ್ ಅಂಗಡಿಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದು, ಈಗ ತನ್ನದೇ ಒಂದು ಹೊಲಿಗೆ ಕ್ಲಾಸು ಶುರು ಮಾಡುವವಳಿದ್ದಳು. ಮನೆಯಲ್ಲೇ ಕೂತು, ಇಂಟರ್ನೆಟ್ಟಿನಲ್ಲಿ. ಇಪ್ಪತ್ತೆರಡು ಜನ ಹೆಸರು ಕೊಟ್ಟು ಫೀಸನ್ನೂ ಕಟ್ಟಿಬಿಟ್ಟಿದ್ದರು. ಮೊದಲ ಪಾಠ ಇನ್ನು ನಾಲ್ಕು ವಾರಕ್ಕೆ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ.

"ರೀ, ನಿಮ್ಮ ಮೀಸೆ ನೀವು ಏನಾದ್ರೂ ಮಾಡ್ಕೊಳ್ಳಿ. ನನ್ನ ಕ್ಲಾಸ್ ಮುಗಿಯೋ ತನಕ ಇರೋ ಲೈನು ಮಾತ್ರ ಮುಟ್ಟಬೇಡಿ."

"ಛೆ ಛೆ! ನಿನ್ನ ಕ್ಲಾಸಿಗೋಸ್ಕರಾನೇ ಕಣೇ ಇದೆಲ್ಲಾ. ನೋಡ್ತಿರು, ಹೊಸ ಲೈನಲ್ಲಿ ನಿನ್ನ ಸೂಜಿ ಪಳಪಳ ಹೊಳೆಯೋ ಹಾಗೆ ಕಾಣುತ್ತೆ!"

"ಈಗಿರೋದರಲ್ಲೂ ಹೊಳೆಯುತ್ತೆ" ಅಂದಳು ಆಕೆ. ಸ್ಟೋರ್ ಕೀಪರಿಗೆ ಅದು ಕೇಳಿಸಲಿಲ್ಲ. ಅವರಾಗಲೇ ಕಾರ್ಬನ್ ಹಾಳೆ ಹುಡುಕುತ್ತಿದ್ದರು.

ಮೊದಲು ಬರೆದದ್ದು ಹಳೇ ಕಂಪನಿಗೆ. ಅವರ ಉಗ್ರಾಣ ಶಾಸ್ತ್ರದ ಪ್ರಕಾರ, ಹೊಸ ಕೊಟೇಶನ್ ಕರೆಯುವ ಮೊದಲು ಹಳಬರಿಗೆ ಕೊನೆಯ ತಾರೀಖು ಗೊತ್ತು ಮಾಡಬೇಕು. ಇಲ್ಲದಿದ್ದರೆ ಅವರಿಗೆ ಭಯವಿರುವುದಿಲ್ಲವಂತೆ! 'ನಾಲ್ಕನೇ ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಸರಿಯಾಗಿ ತಮ್ಮ ಸಕಲ ಸೇವೆಗಳನ್ನೂ ನಿಲ್ಲಿಸತಕ್ಕದ್ದು. ಒಂದು ನಿಮಿಷವೂ ತಡವಾಗಕೂಡದು' ಎಂದು ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಮೂರು ಪ್ರತಿ ತೆಗೆದರು. ಅಷ್ಟರೊಳಗೆ ಹೊಸ ಲೈನು ಬಂದಿರುತ್ತದೆ, ಹೆಂಡತಿಯ ಕಣ್ಣು ಅರಳುತ್ತದೆ ಅನ್ನುವ ಲೆಕ್ಕ. ಅವಳ ಮುಂದೆ ಬಾಯಿ ಬಿಡಲಿಲ್ಲ.

ಮರುದಿನದಿಂದ ಕಂಪನಿಗಳು ಬರತೊಡಗಿದವು. ಮೊದಲನೇ ಕಂಪನಿಯಿಂದ ಬಂದಾಕೆ ಟೈ ಕಟ್ಟಿಕೊಂಡು, ನಗುವನ್ನೂ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು.

"ಮೂರೂ ಸೇರಿ ಒಂದೇ ರೇಟು ಸಾರ್."

"ಬಿಡಿಬಿಡಿಯಾಗಿ ಹೇಳಮ್ಮ. ಪಟ್ಟಿಯಲ್ಲಿ ನನಗೆ ಮೂರು ಕಾಲಂ ಇದೆ."

"ಬಿಡಿಬಿಡಿಯಾಗಿ ತಗೊಂಡ್ರೆ ಜಾಸ್ತಿ ಆಗುತ್ತೆ ಸಾರ್."

"ಸರಿ, ಟೀವಿ ಬೇಡ. ಫೋನು, ಇಂಟರ್ನೆಟ್ಟು ಎರಡೇ ಸಾಕು."

"ಎರಡೇ ಅಂದ್ರೆ ಇನ್ನೂ ಜಾಸ್ತಿ ಸಾರ್."

"ಅಲ್ಲಮ್ಮಾ, ಒಂದು ಕಡಿಮೆ ತಗೊಂಡ್ರೆ ದುಡ್ಡು ಜಾಸ್ತೀನಾ? ಹಾಗಾದ್ರೆ ಏನೂ ಬೇಡ ಅಂದ್ರೆ ಮನೇನೇ ಬರೆದುಕೊಡಬೇಕಾ?"

ಆಕೆ ನಗು ಮಡಚಿಕೊಂಡು ಲಕೋಟೆ ಕೊಟ್ಟು ಹೋದಳು. ಕೊಟೇಶನ್ನಿಗೆ ಏಳು ದಿನದ ಆಯುಷ್ಯ. ಎರಡನೇ ಕಂಪನಿಯವನು ದಢೂತಿ ಆಸಾಮಿ, ಬೆವರು ಒರೆಸಿಕೊಳ್ಳುತ್ತಲೇ ಬಂದವನು ಲಕೋಟೆ ಇಟ್ಟು, ನೀರು ಕುಡಿದು, ಬೆವರು ಒರೆಸಿಕೊಳ್ಳುತ್ತಲೇ ಹೋದ. ಅವನದ್ದೂ ಏಳೇ ದಿನ.

ಮೂರನೇ ಕಂಪನಿಯ ಕನ್ನಡಕದವನು ಆರನೇ ದಿನ ಬಂದ. ಸ್ಟೋರ್ ಕೀಪರು ಅವನ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೈಗಿಟ್ಟರು.

"ಲಕೋಟೆಯ ಮೇಲೆ ತಾರೀಖಿಲ್ಲ. ತಗೊಂಡ್ಹೋಗಿ."

"ಸಾರ್, ಒಳಗೆ ಇದೆ. ಬೇಕಾದ್ರೆ ಇಲ್ಲೇ ಬರೆದುಬಿಡ್ತೀನಿ, ಪೆನ್ನು ಕೊಡಿ."

"ಇಲ್ಲೇ ಬರೆಯೋದಾ! ನಾಳೆ ನೀವು ಇಂಜೆಕ್ಷನ್ ಶೀಷೆ ಮೇಲೂ ಇಲ್ಲೇ ತಾರೀಖು ಬರೀತೀರಿ. ಆಫೀಸಿಗೆ ಹೋಗಿ, ಬರೆಸಿ, ಮೊಹರು ಹಾಕಿಸ್ಕೊಂಡು ಬನ್ನಿ."

ಕನ್ನಡಕದವನು ಇಂಜೆಕ್ಷನ್ನಿಗೂ ಇಂಟರ್ನೆಟ್ಟಿಗೂ ಏನು ಸಂಬಂಧ ಅಂತ ಯೋಚಿಸುತ್ತಾ ಹೋದ. ತಾರೀಖು ಹಾಕಿಸಿಕೊಂಡು ಬರುವಷ್ಟರಲ್ಲಿ ಮೊದಲನೇ ಕೊಟೇಶನ್ನಿನ ಏಳು ದಿನ ತೀರಿತ್ತು. ಸತ್ತ ಕೊಟೇಶನ್ನನ್ನು ಜೀವಂತ ಕೊಟೇಶನ್ನಿನ ಜೊತೆ ಹೋಲಿಸುವುದು ನಿಯಮಕ್ಕೆ ವಿರುದ್ಧ. ಮೂರೂ ಒಟ್ಟಿಗೆ ಉಸಿರಾಡುತ್ತಿರಬೇಕು! ಮೊದಲನೆಯಾಕೆಯನ್ನು ಮತ್ತೆ ಕರೆಸಿದರು. ಆಕೆ ಬರುವಷ್ಟರಲ್ಲಿ ದಢೂತಿಯವನದ್ದು ತೀರಿತು. ಅವನನ್ನು ಕರೆಸಿದರೆ ಕನ್ನಡಕದವನದ್ದು ತೀರಿತು. ಮೂರು ವಾರ ಹೀಗೇ ಬುಗುರಿ ತಿರುಗಿತು.

ಈ ನಡುವೆ ನಡುಮನೆಯ ಗೋಡೆಯ ಮೇಲೆ ತುಲನಾ ಪಟ್ಟಿ ಬೆಳೆಯುತ್ತಿತ್ತು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅವುಗಳ ಬೆನ್ನ ಮೇಲೆ ಹತ್ತೊಂಬತ್ತು ಕಾಲಂ. ಡಬ್ಬಿಯ ಬಾಡಿಗೆ, ವೈರು ಎಳೆಯುವ ಖರ್ಚು, ಮೊದಲ ಮೂರು ತಿಂಗಳ ರಿಯಾಯಿತಿ, ರಿಯಾಯಿತಿ ತೀರಿದ ಮೇಲಿನ ಬರೆ, ಯಾರೂ ನೋಡದ ನೂರಾ ಎಂಬತ್ತು ಚಾನೆಲ್ಲು. ಹೆಂಡತಿ ಒಂದು ಸಂಜೆ ಕೊರಳಲ್ಲಿದ್ದ ಟೇಪು ತೆಗೆದು ಪಟ್ಟಿಯನ್ನು ಅಳೆದಳು.

"ನಲವತ್ತೆರಡು ಇಂಚು. ಇಷ್ಟು ಬಟ್ಟೆ ಇದ್ದಿದ್ರೆ ಮಗುವಿಗೆ ಒಂದು ಫ್ರಾಕ್ ಆಗಿ, ಒಂದು ಟೊಪ್ಪಿಗೇನೂ ಆಗ್ತಿತ್ತು. ಇದರಿಂದ ಏನಾಗುತ್ತೆ ರೀ?"

"ನ್ಯಾಯ ಆಗುತ್ತೆ!" ಅಂದರು ಸ್ಟೋರ್ ಕೀಪರು.

ಕೊನೆಗೂ ನಾಲ್ಕನೇ ಶನಿವಾರ ಬಂತು. ಅವತ್ತು ಎರಡು ಜೀವಂತ ಲಕೋಟೆಗಳು ಮೇಜಿನ ಮೇಲಿದ್ದವು. ಮೂರನೆಯದನ್ನು ಹಿಡಿದುಕೊಂಡು ಕನ್ನಡಕದವನು ಮಧ್ಯಾಹ್ನ ಬರುತ್ತೇನೆ ಅಂದಿದ್ದ. ಸ್ಟೋರ್ ಕೀಪರು ತಲೆ ಬಾಚಿಕೊಂಡು, ಹೆಂಡತಿಯನ್ನು ಸಾಕ್ಷಿಯಾಗಿ ಕುರ್ಚಿಯಲ್ಲಿ ಕೂರಿಸಿ, ಕತ್ತರಿ ಕೈಗೆ ತಗೊಂಡರು. ಹೆಂಡತಿಯ ಒಳ್ಳೇ ಬಟ್ಟೆ ಕತ್ತರಿ ಅದು. ಆಕೆ ಕಿತ್ತುಕೊಂಡು ಅಡುಗೆ ಮನೆಯ ಚಾಕು ಕೊಟ್ಟಳು.

"ಆ ಕನ್ನಡಕದವನು ಎಲ್ಲಿದ್ದಾನೋ ಕೇಳ್ತೀನಿ ಇರು" ಅಂತ ಫೋನ್ ಎತ್ತಿದರು. ಫೋನು ಕೆಮ್ಮಲೂ ಇಲ್ಲ. ಟೀವಿಯಲ್ಲಿ ಹವಾಮಾನ ಹೇಳುತ್ತಿದ್ದಾಕೆ ಕೈ ಎತ್ತಿದವಳು ಹಾಗೇ ಮಾಯವಾದಳು. ಮೂಲೆಯಲ್ಲಿದ್ದ ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಪಟ್ಟಂತ ಆರಿತು. ಗೋಡೆ ಗಡಿಯಾರದಲ್ಲಿ ಹನ್ನೆರಡು ಗಂಟೆ, ಸರಿಯಾಗಿ!

"ಏನ್ ಕಂಪನಿನೇ ಇದು! ದುಡ್ಡು ಮಾತ್ರ ಸರಿಯಾಗಿ ಕೀಳ್ತಾರೆ. ಇವತ್ತು ಅವರ ಚಳಿ ಬಿಡಿಸಿ ಬರ್ತೀನಿ!" ಅಂತ ಆರ್ಭಟಿಸುತ್ತಾ ಚಪ್ಪಲಿ ಮೆಟ್ಟಿದವರಿಗೆ ಮೆಟ್ಟಿಲು ಇಳಿಯುವಾಗ ಕಾರ್ಬನ್ ಹಾಳೆ ನೆನಪಾಯಿತು. ಕೆಂಪು ಗೆರೆಯೂ ನೆನಪಾಯಿತು. ಆದರೂ ಹೋದರು. ಕಂಪನಿಯ ಕೌಂಟರಿನಾಕೆ ಫೈಲಿನಿಂದ ಪತ್ರ ತೆಗೆದು ಮುಂದೆ ಇಟ್ಟಳು. ಒಂದಲ್ಲ, ಮೂರು ಪ್ರತಿ.

"ಒಂದು ನಿಮಿಷವೂ ತಡ ಮಾಡಿಲ್ಲ ಸಾರ್. ನಮ್ಮ ಆಫೀಸಲ್ಲಿ ಇಷ್ಟು ಚೆನ್ನಾಗಿ ಕೆಲಸ ಆಗಿದ್ದು ಇದೇ ಮೊದಲು. ಮೇಲಿನವರು ನಿಮ್ಮ ಪತ್ರಾನ ಎಲ್ಲರಿಗೂ ಓದಿಸಿದ್ರು."

"ತಾಯೀ, ವಾಪಸ್ ಹಾಕಿಕೊಡಮ್ಮ. ನಾಳೆ ಹನ್ನೊಂದಕ್ಕೆ ನನ್ನ ಹೆಂಡತಿ ಕ್ಲಾಸಿದೆ."

"ಹೊಸ ಅರ್ಜಿ ಬರೀಬೇಕು ಸಾರ್. ಬುಧವಾರ ಬರ್ತಾರೆ."

ಉಳಿದ ಮೂವರೂ ಬುಧವಾರದ ಮೊದಲು ವೈರು ಎಳೆಯುವವರಲ್ಲ. ಸ್ಟೋರ್ ಕೀಪರು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದು, ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಹೆಂಡತಿ ಬೈಯುತ್ತಾಳೆ ಅಂತ ತಲೆ ತಗ್ಗಿಸಿ ಕಾದರು. ಬೈಗುಳ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೊಬೈಲಲ್ಲಿ ಮಾಡಬಹುದೇನೋ..." ಅಂದರು ಮೆಲ್ಲಗೆ. ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಬಚ್ಚಲುಮನೆಯ ಕಿಟಕಿ ಹತ್ತಿರ ಮಾತ್ರ.

"ಬಚ್ಚಲಲ್ಲಿ ಮೆಷಿನ್ ಇಟ್ಕೊಂಡು, ಬಕೆಟ್ ಮೇಲೆ ಕೂತು ಪಾಠ ಹೇಳ್ಲಾ?" ಅಂದಳು. "ಹನ್ನೊಂದು ವರ್ಷ ರೀ. ಇನ್ನೊಬ್ಬರ ಅಂಗಡೀಲಿ ಗುಂಡಿ ಹಚ್ಚಿ ಹಚ್ಚಿ ಬೆರಳು ತೂತಾಗಿದೆ. ಇಪ್ಪತ್ತೆರಡು ಜನ ಮೊದಲ ಸಲ ನನ್ನನ್ನ ಟೀಚರ್ ಅಂದಿದಾರೆ. ಅವರಿಗೆ ಏನಂತ ಹೇಳ್ಲಿ? ನಮ್ಮನೆಯವರು ಪಟ್ಟಿ ಬರೀತಿದ್ರು ಅಂತಲಾ?"

ಸ್ಟೋರ್ ಕೀಪರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಗೋಡೆಯ ಮೇಲಿನ ನಲವತ್ತೆರಡು ಇಂಚು ನ್ಯಾಯ ಅವರನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಎದ್ದರು. ಉಳಿದಿದ್ದದ್ದು ಒಂದೇ ಬಾಗಿಲು, ಮೇಲಿನ ಮನೆಯದು. ಅಲ್ಲಿರುವುದು ನಿವೃತ್ತ ನರ್ಸಮ್ಮ, ಅವರದೇ ಆಸ್ಪತ್ರೆಯವರು. ಯಾರನ್ನೂ ವಿಚಾರಿಸದೆ, ಕೇಳಿದಷ್ಟು ಕೊಟ್ಟು ದುಬಾರಿ ಲೈನು ಹಾಕಿಸಿಕೊಂಡ ಗಿರಾಕಿ ಅಂತ ಸ್ಟೋರ್ ಕೀಪರು ಬೀದಿಗೆಲ್ಲ ಹೇಳಿಕೊಂಡು ನಕ್ಕಿದ್ದರು.

ನರ್ಸಮ್ಮ ಪೂರ್ತಿ ಕಥೆ ಕೇಳಿ ಕನ್ನಡಕ ಹಣೆಗೇರಿಸಿದರು.

"ನನ್ನ ಇಂಟರ್ನೆಟ್ಟು ಬೇಕೇನ್ರೀ ಸ್ಟೋರು? ಮೂರು ಕೊಟೇಶನ್ ತಂದಿದೀರಾ? ಎದುರು ಮನೇಲಿ, ಹಿಂದಿನ ಮನೇಲಿ ಎಲ್ಲಾ ವಿಚಾರಿಸಿದ್ರಾ? ಆವತ್ತು ನನ್ನ ವಾರ್ಡಿಗೆ ಥರ್ಮಾಮೀಟರ್ ಬೇಕು ಅಂದಿದ್ದೆ, ನೆನಪಿದ್ಯಾ? ನಿಮ್ಮ ಮೂರು ಲಕೋಟೆ ಒಡೆಯೋ ಹೊತ್ತಿಗೆ ರೋಗಿ ಜ್ವರ ಬಿಟ್ಟು, ಮನೆಗೆ ಹೋಗಿ, ಮಗಳ ಮದುವೇನೂ ಮುಗಿಸಿದ್ದ!"

"ತಪ್ಪಾಯ್ತು ನರ್ಸಮ್ಮ. ನನಗೆ ಬೇಡ, ಅವಳಿಗೆ ಕೊಡಿ."

ನರ್ಸಮ್ಮ ಕನ್ನಡಕ ಮತ್ತೆ ಮೂಗಿಗಿಳಿಸಿದರು. "ಅವಳಿಗೆ ಯಾವಾಗ ಇಲ್ಲ ಅಂದಿದೀನಿ? ಬೆಳಿಗ್ಗೆ ಮೆಷಿನ್ ಹೊತ್ತು ತನ್ನಿ. ನೀವೇ ಹೊರಬೇಕು."

ಭಾನುವಾರ ಬೆಳಿಗ್ಗೆ ಸ್ಟೋರ್ ಕೀಪರು ಇಪ್ಪತ್ತನಾಲ್ಕು ಮೆಟ್ಟಿಲು ಹೊಲಿಗೆ ಮೆಷಿನ್ ಹೊತ್ತರು. ಪ್ರತಿ ಮೆಟ್ಟಿಲಿಗೂ ಒಂದೊಂದು ಕಾಲಂ ನೆನಪಾಯಿತು. ಹತ್ತೊಂಬತ್ತು ಕಾಲಂ ಮುಗಿದ ಮೇಲೂ ಐದು ಮೆಟ್ಟಿಲು ಉಳಿದಿದ್ದವು! ಮೊಬೈಲ್ ನಿಲ್ಲಿಸುವ ಸ್ಟ್ಯಾಂಡು ಬೇರೆ ಇರಲಿಲ್ಲ. ಯಾಕೆಂದರೆ ಅದರ ಕೊಟೇಶನ್ನೂ ಇನ್ನೂ ಬಂದಿರಲಿಲ್ಲ. ಹಾಗಾಗಿ ಅವರೇ ಸ್ಟ್ಯಾಂಡಾದರು. ಒಂದು ಗಂಟೆ ಕಾಲ ಎರಡು ಕೈಯಲ್ಲಿ ಮೊಬೈಲ್ ಹಿಡಿದು, ಉಸಿರು ಬಿಗಿಹಿಡಿದು ನಿಂತರು.

"ಟೀಚರ್, ಕ್ಯಾಮೆರಾ ಅಲ್ಲಾಡ್ತಿದೆ" ಅಂತ ಯಾರೋ ಅಂದರು.

"ಹೊಸ ಸ್ಟ್ಯಾಂಡು. ಕೆಲಸ ಕಲೀತಿದೆ" ಅಂದಳು ಟೀಚರು, ತಲೆ ಎತ್ತದೆ.

ಇಪ್ಪತ್ತೆರಡು ಜನರೂ ಕಿಲಕಿಲ ನಕ್ಕರು. ಆ ನಗುವಿನ ನಡುವೆ ಹೆಂಡತಿ ದಾರ ಪೋಣಿಸಿ, ಬಟ್ಟೆ ಮಡಿಸಿ, ನೇರವಾದ ಒಂದು ಹೊಲಿಗೆ ಹಾಕಿ ತೋರಿಸಿದಳು. ಒಂದು ಎಳೆಯೂ ಓರೆಯಾಗಲಿಲ್ಲ. ಕೈ ಜೋಮು ಹಿಡಿದರೂ ಸ್ಟೋರ್ ಕೀಪರಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆಕೆ ನರ್ಸಮ್ಮನ ಫೋನಿನಿಂದ ತಾನೇ ಮಾತಾಡಿದಳು. ಹನ್ನೊಂದು ನಿಮಿಷ. ಬುಧವಾರ ಬೆಳಿಗ್ಗೆಯೇ ಮೂಲೆಯ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು.

"ಯಾವ ಕಂಪನಿ?" ಅಂತ ಕೇಳಿದರು ಸ್ಟೋರ್ ಕೀಪರು.

"ಹಳೇದೇ."

"ಹಳೇದೇ! ರೇಟು?"

ಆಕೆ ಹೇಳಿದಳು. ಸ್ಟೋರ್ ಕೀಪರು ಓಡಿಹೋಗಿ ಗೋಡೆ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಹತ್ತೊಂಬತ್ತು ಕಾಲಂನಲ್ಲಿ ಎಲ್ಲೂ ಅಷ್ಟು ಕಡಿಮೆ ಇರಲಿಲ್ಲ.

"ಅದು ಹೇಗೆ ಸಾಧ್ಯ?"

"ಹೊಸ ಗಿರಾಕಿಗೆ ರಿಯಾಯಿತಿಯಂತೆ. ಹಳೇ ಗಿರಾಕಿಗೆ ಅದು ಸಿಗಲ್ಲ, ಸದ್ಯ ಅವರ ಕಾಟ ತಪ್ಪಿತು ಅಂದ್ರು. ಹಾಗಾಗಿ ಲೈನು ನನ್ನ ಹೆಸರಲ್ಲಿ ತಗೊಂಡೆ. ನಿಮ್ಮ ಮೀಸೆ ಉಳೀತು, ಬಿಡಿ."

ಸ್ಟೋರ್ ಕೀಪರು ಒಂದು ಕ್ಷಣ ಮೀಸೆ ನೀವಿಕೊಂಡರು. ಆಮೇಲೆ ಹಲ್ಲು ಕಿರಿಯುತ್ತಾ ಮೊಬೈಲ್ ಮುಂದೆ ಚಾಚಿದರು. "ಹಾಗಾದ್ರೆ ಆ ಹೊಸ ಪಾಸ್‌ವರ್ಡ್ ಒಂಚೂರು ಹಾಕಿಕೊಡು."

"ಹಾಗೆಲ್ಲಾ ಬಾಯಿಮಾತಲ್ಲಿ ಆಗಲ್ಲ ರೀ. ಯಾಕೆ ಬೇಕು ಅಂತ ಮೂರು ಕಾರಣ ಬರೆದು, ಮುಚ್ಚಿದ ಲಕೋಟೆಯಲ್ಲಿ ಕೊಡಿ. ಮೂರು ಪ್ರತಿ."

ತಮಾಷೆ ಇರಬೇಕು ಅಂದುಕೊಂಡರು. ಆಕೆ ನಗಲಿಲ್ಲ, ಮೆಷಿನ್ ತುಳಿಯತೊಡಗಿದಳು. ವಿಧಿಯಿಲ್ಲದೆ ಸ್ಟೋರ್ ಕೀಪರು ಕಾರ್ಬನ್ ಹಾಳೆ ತೆಗೆದು ಕೂತರು. ಮೊದಲನೇ ಕಾರಣ, ಸುದ್ದಿ ನೋಡಲು. ಎರಡನೆಯದು, ಆಸ್ಪತ್ರೆಯ ಪತ್ರ ನೋಡಲು. ಮೂರನೆಯದಕ್ಕೆ ಬಹಳ ಹೊತ್ತು ಪೆನ್ನು ಕಚ್ಚಿ, 'ಭಾನುವಾರ ನಿನ್ನ ಪಾಠ ನೋಡಲು' ಅಂತ ಬರೆದರು. ಅದನ್ನು ಬರೆಯುವಾಗ ಮಾತ್ರ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ಅಂದವಾಗಿ ಮಡಚಿ, ಲಕೋಟೆಗೆ ಹಾಕಿ, ಅಂಟು ಸವರಿ, ಮೆಷಿನ್ನಿನ ಪಕ್ಕ ಇಟ್ಟು, ಮೂರನೇ ಕಾರಣ ಓದಿದರೆ ಕರಗಿಯೇ ಹೋಗುತ್ತಾಳೆ ಅಂತ ಮೀಸೆಯಡಿ ನಗುತ್ತಾ ಆಸ್ಪತ್ರೆಗೆ ಹೋದರು.

ಸಂಜೆ ಬಂದಾಗ ಲಕೋಟೆ ಅವರ ಕಾಫಿ ಲೋಟದ ಕೆಳಗಿತ್ತು. ಒಡೆದೇ ಇರಲಿಲ್ಲ. ಮೇಲೆ ಬಟ್ಟೆಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣದಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಸಾಲು:

'ಲಕೋಟೆಯ ಮೇಲೆ ತಾರೀಖಿಲ್ಲ. ತಗೊಂಡ್ಹೋಗಿ.'