ಮಧ್ಯಂತರಕ್ಕೆ ಮೊದಲು ತೀರಿಕೊಂಡ ಹೆಂಡತಿ

ಬೆಂಕಿ ಬಿದ್ದ ಕಟ್ಟಡದಲ್ಲಿ ಎಷ್ಟೋ ಸಲ ಜನರನ್ನು ಕೊಲ್ಲುವುದು ಬೆಂಕಿಯಲ್ಲ, ಹಿಂಬಾಗಿಲಿಗೆ ಹಾಕಿದ ಬೀಗ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಆದರೆ ಸಿನಿಮಾ ನೋಡಿ ಕಲಿಯೋಣವೆಂದರೆ ಸಾಧ್ಯವಿಲ್ಲ; ಬೀಗದ ಪಾತ್ರಕ್ಕೆ ಯಾವ ನಟನೂ ಒಪ್ಪುವುದಿಲ್ಲ.

ಗಂಟೆಯಣ್ಣನ ಜೀವನಚಿತ್ರದಲ್ಲಿ ಆದದ್ದೂ ಇದೇ. ಗಂಟೆಯಣ್ಣ ಮೂವತ್ತೊಂದು ವರ್ಷ ಅಗ್ನಿಶಾಮಕ ವಾಹನ ಓಡಿಸಿ ನಿವೃತ್ತನಾದವನು. (ವಾಹನದ ಗಂಟೆಯನ್ನು ಅಗತ್ಯಕ್ಕಿಂತ ಜೋರಾಗಿ ಬಾರಿಸುತ್ತಿದ್ದುದರಿಂದ ಈ ಬಿರುದು, ಮನೆಯಲ್ಲಿ ಮಾತ್ರ ಅವನ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ.) ಒಮ್ಮೆ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹನ್ನೊಂದು ಹೆಂಗಸರನ್ನು ಉಳಿಸಿದ್ದ. ಹೇಗೆ? ಗಾಬರಿಯಲ್ಲಿ ದಾರಿ ತಪ್ಪಿ ಹಿಂದಿನ ಓಣಿಗೆ ನುಗ್ಗಿದ. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು, ಹೊರಗೆ ಮಾಲೀಕ ಹಾಕಿಸಿದ ಬೀಗ. ಕೊಡಲಿ ತಂದು ಒಡೆದ. ದಾರಿ ತಪ್ಪಿದ ವಿಷಯ ಅವನ ಹೆಂಡತಿಯೊಬ್ಬಳಿಗೇ ಗೊತ್ತಿತ್ತು.

ಸಿನಿಮಾದ ಕಥೆಗಾರ ಬಂದು ಮೂರು ದಿನ ನಡುಮನೆಯಲ್ಲಿ ಕೂತ.

“ಸಾರ್, ಬೆಂಕಿ ಮೇಲೆ ನಿಮಗೆ ಇಷ್ಟೊಂದು ಸೇಡು ಯಾಕೆ?”

“ಸೇಡೇನೂ ಇಲ್ಲಪ್ಪ. ಕೆಲಸ ಖಾಲಿ ಇತ್ತು, ಅರ್ಜಿ ಹಾಕ್ದೆ.”

ಕಥೆಗಾರನ ಮುಖ ಇಳಿದುಹೋಯಿತು. “ಅದನ್ನ ನಾವು ಸರಿ ಮಾಡ್ಕೋತೀವಿ ಬಿಡಿ” ಎಂದು ಪುಸ್ತಕ ಮುಚ್ಚಿದ.

ಸರಿ ಮಾಡಿದ್ದು ಏನೆಂದು ತಿಳಿದದ್ದು ಮೊದಲ ದಿನದ ಆಟದಲ್ಲಿ. ‘ಇದು ಸತ್ಯಕಥೆ’ ಎಂಬ ಅಕ್ಷರಗಳು ಪರದೆಯ ತುಂಬ ಮೂಡಿದವು. ನಾಯಕ ದಿನಾ ಬೆಳಿಗ್ಗೆ ಕಾಫಿ ಮಾಡಿ, ಹೆಂಡತಿಯ ಹಾಸಿಗೆಯ ಬಳಿಗೇ ತಂದುಕೊಟ್ಟು, ಒಂದು ಹಾಡು ಹಾಡಿದ. ಮಧ್ಯಂತರಕ್ಕೆ ಐದು ನಿಮಿಷ ಮೊದಲು ಆ ಸಾಧ್ವಿ, ತಲೆಯ ಒಂದು ಕೂದಲೂ ಕೆದರದಂತೆ, ಬೆಂಕಿಗೆ ಆಹುತಿಯಾದಳು. ಸೇಡಿಗೆ ಕಾರಣ ಬೇಕಲ್ಲ!

ಮೂರನೇ ಸಾಲಿನಲ್ಲಿ ಕೂತಿದ್ದ ನಿಜವಾದ ಹೆಂಡತಿ ಪಕ್ಕಕ್ಕೆ ತಿರುಗಿದರೆ, ಗಂಟೆಯಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ರೀ, ಯಾಕೆ ಅಳ್ತಿದೀರಿ? ನಾನು ಇಲ್ಲೇ ಇದೀನಿ.”

“ಗೊತ್ತು ಕಣೇ. ಆದ್ರೂ ಪಾಪ, ಎಷ್ಟು ಒಳ್ಳೆಯವಳಾಗಿದ್ಲು!”

ಸಂಸಾರದ ಶಾಂತಿ ಕದಡಿದ್ದು ಅಲ್ಲಿಂದ.

ಉಳಿದರ್ಧದಲ್ಲಿ ನಾಯಕನಿಗೆ ದಾರಿ ತಪ್ಪಲೇ ಇಲ್ಲ. ಕಣ್ಣು ಮುಚ್ಚಿ ನಿಂತ. ತೀರಿಕೊಂಡ ಹೆಂಡತಿಯ ದನಿ ‘ಎಡಗಡೆ... ಎಡಗಡೆ...’ ಎಂದು ದಾರಿ ತೋರಿತು. ಬೀಗ ಮಾಯವಾಗಿತ್ತು. ಅದರ ಬದಲು ಕಪ್ಪು ಕನ್ನಡಕದ ದುಷ್ಟನೊಬ್ಬ ಬಂದು ಕಡ್ಡಿ ಗೀರಿದ. ಬೀಗ ಹಾಕಿಸಿದ ಮಾಲೀಕ ದೇವರಂಥ ಮನುಷ್ಯನಾಗಿ ಕಣ್ಣೀರಿಟ್ಟ.

ನ್ಯಾಯವಾಗಿ ಹೇಳಬೇಕೆಂದರೆ ಆ ಸಿನಿಮಾದಿಂದ ಒಳ್ಳೆಯದೂ ಆಯಿತು. ಯಾರೂ ಕೇಳದಿದ್ದ ಅಗ್ನಿಶಾಮಕ ಠಾಣೆಯ ಮುಂದೆ ಕೆಲಸಕ್ಕೆ ಸಾಲು ನಿಂತಿತು, ಅದರಲ್ಲಿ ನಾಲ್ವರು ಹುಡುಗಿಯರು. ಗಂಟೆಯಣ್ಣ ಹತ್ತೊಂಬತ್ತು ವರ್ಷ ಅರ್ಜಿ ಬರೆದರೂ ಬಾರದಿದ್ದ ಹೊಸ ಪೈಪು ಹತ್ತೊಂಬತ್ತೇ ದಿನಕ್ಕೆ ಬಂತು.

“ನೋಡಿದ್ಯಾ? ಜನ ನಂಬಿದಾರೆ. ಅಷ್ಟು ಜನರ ನಂಬಿಕೆ ಸುಳ್ಳು ಮಾಡ್ಬಾರ್ದು” ಎಂದು ಅವನು ಮೀಸೆ ತಿರುವಿದ.

“ಸುಳ್ಳು ಹೇಳಿದ್ದಕ್ಕೆ ಪೈಪು ಬಂತು, ಸರಿ. ನಿಜ ಹೇಳಿದ್ದಿದ್ರೆ ಊರಲ್ಲಿ ನಾಕು ಬೀಗನಾದ್ರೂ ತೆಗೀತಿದ್ರು. ಐವತ್ತನೇ ದಿನದ ಸಮಾರಂಭಕ್ಕೆ ಕರೆದಿದಾರಲ್ಲ, ಅಲ್ಲಿ ಎರಡು ಮಾತು ಹೇಳ್ಬೇಕು ನೀವು. ದಾರಿ ತಪ್ಪಿದೆ, ಬೀಗ ಇತ್ತು.”

“ದಾರಿ ತಪ್ಪಿದ್ದು ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಡ?”

“ಹೇಳ್ಬೇಡಿ ಹಾಗಾದ್ರೆ. ನಾನು ಮಗಳ ಮನೆಗೆ ಹೊರಡ್ತೀನಿ. ಹೇಗೂ ಸತ್ತಿದೀನಲ್ಲ, ಯಾರೂ ಹುಡುಕಲ್ಲ.”

ಭಾನುವಾರ ಬೆಳಿಗ್ಗೆ ಚಿತ್ರಮಂದಿರ ಕಿಕ್ಕಿರಿದಿತ್ತು. ಗಂಟೆಯಣ್ಣ ಬೆವರುತ್ತ ಮೈಕಿನ ಮುಂದೆ ನಿಂತ. “ನನಗೆ ಯಾವ ದನಿಯೂ ಕೇಳಿಸ್ಲಿಲ್ಲ. ದಾರಿ ತಪ್ಪಿತ್ತು, ಅಷ್ಟೇ.”

ಚಪ್ಪಾಳೆಯ ಸುರಿಮಳೆ! “ಎಂಥ ವಿನಯ!” ಎಂದು ನಿರ್ದೇಶಕ ತಬ್ಬಿಕೊಂಡ.

“ವಿನಯ ಅಲ್ಲ ಸ್ವಾಮಿ, ನಿಜ! ನನ್ನ ಹೆಂಡತೀನೂ ಬದುಕಿದಾಳೆ, ಅಲ್ಲಿ ಕೂತಿದಾಳೆ ನೋಡಿ!”

ನಿರೂಪಕಿ ಕಣ್ಣೊರೆಸಿಕೊಂಡಳು. “ನೊಂದ ಬಾಳಿಗೆ ಬೆಳಕಾಗಿ ಬಂದ ಎರಡನೇ ಶ್ರೀಮತಿಯವರಿಗೆ ಜೋರಾದ ಚಪ್ಪಾಳೆ!” ಪಕ್ಕದ ಕುರ್ಚಿಯ ಮುದುಕಿ ಹೆಂಡತಿಯ ಕೈ ಸವರಿ, “ಮೊದಲನೆಯವಳನ್ನ ಮರೀಬೇಡ ಕಣಮ್ಮ” ಎಂದು ಬುದ್ಧಿ ಹೇಳಿದಳು.

ಹೆಂಡತಿ ದಡಕ್ಕನೆ ಎದ್ದು ವೇದಿಕೆ ಹತ್ತಿ, ಗಂಡನ ಕೈ ಹಿಡಿದು ವೇದಿಕೆಯ ಪಕ್ಕದ ಹಿಂಬಾಗಿಲಿಗೆ ಎಳೆದುಕೊಂಡು ಹೋದಳು. ತಳ್ಳಿದಳು. ಅಲುಗಲಿಲ್ಲ. ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ.

ವಾಪಸು ಬಂದು ಮೈಕು ಕಿತ್ತುಕೊಂಡಳು. “ನಾನು ಎಷ್ಟನೇ ಹೆಂಡತಿಯಾದ್ರೂ ಆಗ್ಲಿ. ಆ ಹನ್ನೊಂದು ಜನ ಬೆಂಕಿಗೆ ಸಿಕ್ಕಿದ್ದು ಹಿಂಬಾಗಿಲಿಗೆ ಬೀಗ ಇತ್ತು ಅಂತ. ಈಗ ನೀವು ಆರುನೂರು ಜನ ಒಳಗಿದೀರಿ. ಇಲ್ಲೂ ಬೀಗ ಹಾಕಿದೆ. ಸುಳ್ಳು ಅನ್ನೋರು ಬಂದು ಮುಟ್ಟಿ ನೋಡಿ.”

ಈ ಸಲ ಚಪ್ಪಾಳೆ ಇಲ್ಲ. ಇಪ್ಪತ್ತು ಜನ ಎದ್ದು ಬಂದು ಮುಟ್ಟಿ ನೋಡಿದರು. ಬೀಗದಕೈ ಎಲ್ಲಿ ಎಂದರೆ ಮ್ಯಾನೇಜರು ಕಾವಲುಗಾರನ ಕಡೆ, ಕಾವಲುಗಾರ ಮ್ಯಾನೇಜರನ ಕಡೆ ಬೆರಳು ತೋರಿಸಿದರು. ಹಳೇ ಹುರುಪಿನಲ್ಲಿ ಗಂಟೆಯಣ್ಣ ವೇದಿಕೆಯ ಮೇಲೆ ಹಾರ ಹಾಕಿಟ್ಟಿದ್ದ ಸಿನಿಮಾದ ಕೊಡಲಿಯನ್ನೇ ಎತ್ತಿ ಬೀಗಕ್ಕೆ ಬೀಸಿದ. ಅದು ಥರ್ಮಾಕೋಲಿನದು. ಬೀಗ ಹಾಗೇ ಉಳಿದು, ವೀರನ ತಲೆಯ ಮೇಲೆ ಬಿಳಿ ಪುಡಿ ಉದುರಿತು. ಆರುನೂರು ಜನ ಬಿದ್ದು ಬಿದ್ದು ನಕ್ಕರು. ಅರ್ಧ ಗಂಟೆಯ ಮೇಲೆ ಬೀಗದಕೈ ಮ್ಯಾನೇಜರನ ಜೇಬಿನಲ್ಲೇ ಸಿಕ್ಕಿತು. ಜನ ಹಿಂಬಾಗಿಲಿನಿಂದಲೇ ಹೊರಬಂದರು.

ಮರುದಿನ ಬೆಳಿಗ್ಗೆ ಗಂಟೆಯಣ್ಣ ಹಗುರವಾದ ಮನಸ್ಸಿನಿಂದ ಎದ್ದು ಕೂತ. ಕಾಫಿ ಬರಲಿಲ್ಲ. ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಹೆಂಡತಿ ಪೇಪರ್ ಓದುತ್ತಿದ್ದಳು.

“ಏನೇ, ಕಾಫಿ?”

“ಸಿನಿಮಾದಲ್ಲಿ ಅವಳಿಗೆ ದಿನಾ ನೀವೇ ಮಾಡ್ಕೊಡ್ತಿದ್ರಿ.”

“ಅಯ್ಯೋ, ಅದು ಸುಳ್ಳು ಕಣೇ! ಕಥೆಗಾರ ಸೇರಿಸಿದ್ದು!”

“ಜನ ನಂಬಿದಾರೆ ರೀ. ಅಷ್ಟು ಜನರ ನಂಬಿಕೆ ಸುಳ್ಳು ಮಾಡ್ಬಾರ್ದು. ಹಾಡು ಬೇಡ, ಕಾಫಿ ಸಾಕು.”

ತನ್ನ ಮಾತೇ ತಿರುಗಿ ಬಂತಲ್ಲ ಎಂದು ಗೊಣಗುತ್ತ ಎದ್ದ. ಅಡುಗೆಮನೆಗೆ ಹೋದ. ಉಪ್ಪು, ಅರಿಸಿನ, ಸಾಬೂನಿನ ಪುಡಿ, ಎಲ್ಲ ಡಬ್ಬಿಗಳೂ ಕೈಗೆ ಬಂದವು, ಸಕ್ಕರೆಯೊಂದು ಬರಲಿಲ್ಲ. ಮೂವತ್ತು ವರ್ಷ ಬಾಳಿದ ಮನೆಯಲ್ಲಿ ಮತ್ತೆ ದಾರಿ ತಪ್ಪಿ, ಕಣ್ಣು ಮುಚ್ಚಿ ನಿಂತ.

“ಎಡಗಡೆ... ಎಡಗಡೆ...” ಎಂದು ಕೋಣೆಯಿಂದ ಹೆಂಡತಿಯ ದನಿ ಕೇಳಿಸಿತು.

ಹೀಗೆ ಆ ಸಿನಿಮಾದ ಎರಡು ಸುಳ್ಳುಗಳು ಒಂದೇ ಬೆಳಿಗ್ಗೆ ನಿಜವಾದವು. ಕಾಫಿ ಸ್ವಲ್ಪ ಕಹಿಯಾಗಿತ್ತು, ಇಬ್ಬರೂ ಕುಡಿದರು.

ಇನ್ನು ನೀವು. ನಕ್ಕಿದ್ದು ಸಾಕು. ಈಗ ಕೂತಿರುವ ಕಟ್ಟಡದ ಹಿಂಬಾಗಿಲು ಎಲ್ಲಿದೆ ಎಂದು ಎದ್ದು ಹೋಗಿ ನೋಡಿ. ಬೀಗ ಹಾಕಿದ್ದರೆ, ತೆಗೆಸುವ ತನಕ ಕೂರಬೇಡಿ.